ಎರಡೂ ಬಲಗಣ್ಣು

ನಮ್ಮ ಯಜಮಾನರ ಕೈಯಲ್ಲಿ ಫೋಟೋ ತೆಗೆಸಿಕೊಂಡವರು ಯಾರೂ ಇದ್ದ ಹಾಗೆ ಬಂದಿಲ್ಲ, ಎಲ್ಲರೂ ಇದ್ದದ್ದಕ್ಕಿಂತ ಚೂರು ಚೆನ್ನಾಗಿಯೇ ಬಂದಿದ್ದಾರೆ. ಮೊಡವೆ ಇದ್ದರೆ ಮಾಯವಾಗುತ್ತದೆ, ಕಣ್ಣ ಕೆಳಗಿನ ಕಪ್ಪು ತಿಳಿಯಾಗುತ್ತದೆ. ಒಂದು ಕಿವಿ ಮುಂದೆ ಬಂದು ಇನ್ನೊಂದು ಹಿಂದೆ ಉಳಿದಿದ್ದರೆ ಎರಡಕ್ಕೂ ರಾಜಿ ಮಾಡಿಸುತ್ತಾರೆ. ಇದನ್ನು ಸುಳ್ಳು ಎಂದರೆ ಅವರಿಗೆ ಕೋಪ ಬರುತ್ತದೆ. "ಗುರುತಿನ ಚೀಟೀಲಿ ಎಷ್ಟೋ ವರ್ಷ ಇರೋ ಮುಖ ಅದು. ಜೇಬಿಂದ ತೆಗೆದಾಗಲೆಲ್ಲ ಅವರಿಗೇ ಬೇಜಾರಾಗ್ಬಾರ್ದು" ಎನ್ನುತ್ತಾರೆ. ಗಿರಾಕಿಗಳೂ ಫೋಟೋ ಹಿಡಿದು ಹಿಗ್ಗುತ್ತಾರೆಯೇ ಹೊರತು, ಇದು ನಾನಲ್ಲ ಎಂದು ವಾಪಸ್ಸು ಕೊಟ್ಟವರಿಲ್ಲ.

ಕೆಳಗೆ ಸ್ಟುಡಿಯೋ, ಮೇಲೆ ಮನೆ. ನನ್ನದು ಮುಂದಿನ ಕೋಣೆಯ ಕೆಲಸ. ಬಂದವರನ್ನು ಕೂರಿಸುವುದು, ಕನ್ನಡಿ ಮುಂದೆ ನಿಲ್ಲಿಸಿ ಬಾಚಣಿಗೆ ಕೊಡುವುದು, ಕೋಟು ಬೇಕೆಂದವರಿಗೆ ಗೂಟದಲ್ಲಿ ನೇತಾಡುವ ಕರಿ ಕೋಟು ತೊಡಿಸುವುದು. ಆ ಕೋಟಿನ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ನಾನೇ ಸೀಳಿಟ್ಟಿದ್ದೇನೆ, ಎಂಥ ದಪ್ಪಗಿನವರಿಗೂ ಆಗಲಿ ಎಂದು. ಮುಂದಿನಿಂದ ನೋಡಿದರೆ ಎಲ್ಲರೂ ಸಾಹೇಬರೇ. ಹಿಂದಿನಿಂದ ನೋಡಿ ನಗುವ ಭಾಗ್ಯ ನನಗೊಬ್ಬಳಿಗೆ.

ಇದಲ್ಲದೆ ನನಗೆ ಇನ್ನೊಂದು ಕೆಲಸವಿದೆ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಮುಂಚೆ ಲೈಟು ನೋಡಬೇಕು. ಎರಡು ದೀಪ, ಒಂದು ಬಿಳಿ ಛತ್ರಿ, ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಯಾರಾದರೂ ಕೂತರೆ ತಾನೇ ನೆರಳು ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುವುದು? ಮದುವೆಯಾದ ಹೊಸದರಿಂದಲೂ ಅಲ್ಲಿ ಕೂರುವವಳು ನಾನು. ಎದ್ದ ಮುಖದಲ್ಲೇ, ಕೆದರಿದ ತಲೆಯಲ್ಲೇ, ಹಳೇ ನೈಟಿಯ ಮೇಲೊಂದು ಶಾಲು ಎಳೆದುಕೊಂಡು ಕೂರುತ್ತೇನೆ. ಅವರು ದೀಪವನ್ನು ಅತ್ತ ಸರಿಸಿ, ಇತ್ತ ಸರಿಸಿ, ಕ್ಯಾಮೆರಾ ಹಿಂದೆ ನಿಂತು ನನ್ನನ್ನು ನೋಡುತ್ತಾರೆ. ಸುಮ್ಮನೆ ಕೂತ ಮುಖದ ಮೇಲೆ ಬೆಳಕು ಸರಿಯಾಗಿ ತಿಳಿಯುವುದಿಲ್ಲವಂತೆ. ಹಾಗಾಗಿ ದಿನವೂ ಒಂದೇ ಮಾತು: "ಏನಾದ್ರೂ ಬೈಯೇ."

ಬೈಯುವುದಕ್ಕೆ ನನಗೇನು ವಿಷಯ ಇಲ್ಲವೇ? ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಎಸೆದದ್ದು, ಹೇಳಿದ ಸಾಮಾನು ಬಿಟ್ಟು ಹೇಳದ್ದನ್ನು ತಂದದ್ದು, ಯಾರೋ ಪುಸಲಾಯಿಸಿದರೆಂದು ಊರ ತುಂಬ ಬಿಟ್ಟಿ ಫೋಟೋ ತೆಗೆದುಕೊಟ್ಟದ್ದು. ನಾನು ಶುರು ಹಚ್ಚಿಕೊಂಡ ಮೇಲೆ ಕ್ಲಿಕ್ ಎನ್ನುತ್ತದೆ. "ಆಯ್ತು, ಇಳಿ" ಎನ್ನುತ್ತಾರೆ. "ಅದನ್ನ ಅಳಿಸಿ ಮೊದಲು. ಗಿರಾಕಿ ಕಣ್ಣಿಗೆ ಬಿದ್ರೆ ಓಡಿಹೋಗ್ತಾರೆ" ಎನ್ನುತ್ತೇನೆ. "ಅಳಿಸ್ತೀನಿ ಕಣೇ" ಎನ್ನುತ್ತಾರೆ. ನಮ್ಮ ದಿನ ಶುರುವಾಗುವುದು ಹಾಗೆ.

ನನಗೆ ದಿನದಲ್ಲಿ ಎಲ್ಲಕ್ಕಿಂತ ಪ್ರೀತಿಯ ಹೊತ್ತು ಅದು. ಅವರು ಆಗ ನನ್ನನ್ನು ನೋಡುವಷ್ಟು ಗಮನವಿಟ್ಟು ನನ್ನ ಹೆತ್ತವರೂ ನೋಡಿರಲಿಕ್ಕಿಲ್ಲ. ಅದೊಂದು ಸಿಕ್ಕಿದರೆ ಉಳಿದ ದಿನ ಹೇಗಿದ್ದರೂ ನಡೆಯುತ್ತದೆ.

ಇನ್ನು ನನ್ನ ಕಾಯಿಲೆಯ ವಿಷಯ. ಹತ್ತು ಹನ್ನೆರಡು ವರ್ಷದ ಹಿಂದೆ ಮೊದಲು ಬಾಯಿ ಒಣಗಿತು, ಆಮೇಲೆ ಕಣ್ಣು. ಬ್ರೆಡ್ಡು ತಿಂದರೆ ಗಂಟಲಲ್ಲೇ ಕೂರುತ್ತಿತ್ತು, ಕಣ್ಣು ತೆರೆದರೆ ಮರಳು ಉಜ್ಜಿದ ಹಾಗಾಗುತ್ತಿತ್ತು, ಬೆಳಿಗ್ಗೆ ಬೆರಳ ಗಿಣ್ಣು ಮಡಚಲು ಬರುತ್ತಿರಲಿಲ್ಲ. ಕೀಲಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: ಮೈಯನ್ನು ಕಾಯಬೇಕಾದ ಕಾವಲಿನ ಕಣಗಳೇ ತಪ್ಪು ತಿಳಿದು, ಎಂಜಲು ಮತ್ತು ಕಣ್ಣೀರು ಸುರಿಸುವ ಗ್ರಂಥಿಗಳ ಮೇಲೆ ಬಿದ್ದಿವೆ. ಪೂರ್ತಿ ಹೋಗುವ ಕಾಯಿಲೆಯಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಅವರು ಹೇಳಿದ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕೂತವನು ಎಂದು ನಾವು ಅದಕ್ಕೆ 'ಬಾಡಿಗೆದಾರ' ಎಂದು ಹೆಸರಿಟ್ಟೆವು. ಕೀಲು ನೋಯುವ ದಿನ, "ಇವತ್ತು ಬಾಡಿಗೆದಾರನ ಗಲಾಟೆ" ಎಂದರೆ ಸಾಕು, ಅವರೇ ಒಲೆ ಹಚ್ಚಿ ಚಹಾಕ್ಕೆ ನೀರಿಡುತ್ತಾರೆ.

ಕಣ್ಣೀರು ಈಗ ಬಾಟಲಿಯಲ್ಲಿ ಬರುತ್ತದೆ. ನನ್ನ ಬೆರಳಿಗೆ ಅದನ್ನು ಒತ್ತಲಾಗುವುದಿಲ್ಲವೆಂದು ಹನಿ ಹಾಕುವುದೆಲ್ಲ ಅವರೇ. ಗದ್ದ ಹಿಡಿದು ಮುಖ ಎತ್ತಿ, ಬಾಗಿ, ಒಂದು ಕಣ್ಣಿಗೆ ಒಂದೇ ಹನಿ, ಗುರಿ ತಪ್ಪಿದ್ದಿಲ್ಲ. ನಮ್ಮಮ್ಮ ಹೋದಾಗ ನನಗೆ ಒಂದು ತೊಟ್ಟೂ ಬರಲಿಲ್ಲ. ಒಳಗೆ ಕರುಳು ಕಿತ್ತು ಬರುತ್ತಿದ್ದರೂ ಮುಖ ಮಾತ್ರ ಒಣಗಿದ ಹಾಗೇ ಇತ್ತು. ಬಂದವರಲ್ಲಿ ಒಬ್ಬಾಕೆ, "ಕಲ್ಲು ಮನಸ್ಸು ಇವಳ್ದು" ಎಂದು ನನಗೆ ಕೇಳುವ ಹಾಗೆಯೇ ಹೇಳಿದಳು. ಇವರು ಎಲ್ಲಿದ್ದರೋ, ಜನರನ್ನು ಸರಿಸಿಕೊಂಡು ಬಂದು, ನನ್ನ ಮುಖ ಎತ್ತಿ, ಎರಡೂ ಕಣ್ಣಿಗೆ ಹನಿಯಲ್ಲ, ಧಾರೆಯನ್ನೇ ಬಿಟ್ಟರು. ಕೆನ್ನೆ ಮೇಲೆಲ್ಲ ಹರಿಯಿತು. ಆಕೆಗೆ ಸಮಾಧಾನವಾಯಿತು. ನನಗೂ ಆಯಿತು, ಅದು ಹೇಗೋ ಗೊತ್ತಿಲ್ಲ.

ಇಷ್ಟು ನೆಮ್ಮದಿಯಾಗಿ ಬಾಡಿಗೆದಾರನ ಜೊತೆ ಹೊಂದಿಕೊಂಡಿದ್ದೇ ನಮಗೆ ಮುಳುವಾಯಿತು. ಮೈಯಲ್ಲಿ ಏನಾದರೂ ಊದಲಿ, ಉರಿಯಲಿ, ನೋಯಲಿ, ಎಲ್ಲ ಅವನ ತಲೆಗೇ ಕಟ್ಟುತ್ತಿದ್ದೆವು.

ಮೊದಲು ಕಂಡುಹಿಡಿದವಳು ನನ್ನ ತಂಗಿ. ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ, ಎದುರಿಗಿರುವವರೆಲ್ಲ ಅವಳಿಗೆ ಎರಡನೇ ಕ್ಲಾಸಿನ ಮಕ್ಕಳೇ. ದೂರದ ಊರಿಗೆ ವರ್ಗವಾಗಿ ಹೋಗಿದ್ದವಳು ತುಂಬ ದಿನದ ಮೇಲೆ ಬಂದಳು. ಚಪ್ಪಲಿ ಬಿಟ್ಟವಳು ಒಳಗೆ ಬರದೆ ಬಾಗಿಲಲ್ಲೇ ನಿಂತು ನನ್ನನ್ನು ದಿಟ್ಟಿಸಿದಳು.

"ಅಕ್ಕಾ, ನಿನ್ನ ಎಡಗಣ್ಣು ಯಾಕೆ ಹಾಗಿದೆ?"

"ಹೇಗಿದೆ?"

"ರೆಪ್ಪೆ ಊದಿ ಜೋತು ಬಿದ್ದಿದೆಯಲ್ಲೇ. ಕಣ್ಣುಗುಡ್ಡೆ ಮುಂದೆ ಬಂದ ಹಾಗಿದೆ. ಭಾವ, ನೀವು ನೋಡಿಲ್ವಾ?"

ಇವರು ಕಂಪ್ಯೂಟರಿನಿಂದ ತಲೆ ಎತ್ತಿ ನನ್ನನ್ನು ನೋಡಿ, "ಎಲ್ಲಿ? ಚೆನ್ನಾಗೇ ಇದೆಯಲ್ಲ" ಎಂದರು. ನಾನು, "ಅಯ್ಯೋ, ಬಾಡಿಗೆದಾರಂದು ಬಿಡೇ" ಎಂದೆ. ಅವಳು ಬಿಡುವ ಪೈಕಿಯೇ? ನನ್ನನ್ನು ಕಿಟಕಿಯ ಹತ್ತಿರ ಎಳೆದೊಯ್ದು, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿದಳು. ಅಲ್ಲಿ ಕೆಂಪು ಸೀಬೆಹಣ್ಣಿನ ತಿರುಳಿನ ಬಣ್ಣದ ಒಂದು ಮೆತ್ತನೆಯ ಪಟ್ಟಿ ಕೂತಿತ್ತಂತೆ. ನೋವಿಲ್ಲ, ತುರಿಕೆಯಿಲ್ಲ, ಸುಮ್ಮನೆ ಇತ್ತು. ತಂಗಿಯ ಬಾಯಿ ಮುಚ್ಚಿತು. ಅವಳ ಬಾಯಿ ಮುಚ್ಚಿದ್ದನ್ನು ನೋಡಿ ನನಗೆ ಭಯವಾಯಿತು.

ಕಣ್ಣಿನ ಡಾಕ್ಟರು ಉದ್ದನೆಯ ಮನುಷ್ಯ, ನಿಧಾನದ ಮಾತು. ಅಳತೆಗೋಲಿನಂಥದೊಂದನ್ನು ನನ್ನ ಕಣ್ಣಿನ ಮೂಲೆಗೆ ಹಿಡಿದು, ಎಡಗಣ್ಣು ಎಷ್ಟು ಮುಂದೆ ಬಂದಿದೆ ಎಂದು ನೋಡಿದರು. ರೆಪ್ಪೆಯ ಮೇಲೆ ಬೆರಳಿಟ್ಟು ಒತ್ತಿದರು. ಹಿಂದೆ ಗಡ್ಡೆಯ ಹಾಗೆ ಏನೋ ಇದೆ, ಸ್ಕ್ಯಾನ್ ಮಾಡಿಸಿ, ಆಮೇಲೆ ಅದರಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು.

"ಇದು ಯಾವಾಗಿಂದ ಇದೆ?"

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ.

"ಹಳೇ ಫೋಟೋ ಇದ್ರೆ ತನ್ನಿ" ಎಂದರು ಡಾಕ್ಟರು. "ಕಣ್ಣಿನ ವಿಷಯದಲ್ಲಿ ನಾವು ಮೊದಲು ಕೇಳೋದು ಅದೇ. ವರ್ಷಾನುಗಟ್ಟಲೆ ನಿಧಾನವಾಗಿ ಬೆಳೆದಿದ್ರೆ ಒಂದು ಲೆಕ್ಕ, ಎರಡು ಮೂರು ತಿಂಗಳಲ್ಲಿ ಎದ್ದಿದ್ರೆ ಬೇರೇನೇ ಲೆಕ್ಕ. ಆಗ ನಾವು ಆತುರಪಡಬೇಕು."

ತಂಗಿ ಆ ಹೊತ್ತಿನಲ್ಲೂ ನಕ್ಕಳು. "ಫೋಟೋನಾ? ಇವರ ಮನೇಲಿ ಗೋಡೆ ಕಾಣ್ಸಲ್ಲ ಡಾಕ್ಟ್ರೇ, ಬರೀ ಫೋಟೋನೇ."

ಒಂದು ಚೀಲದ ತುಂಬ ತಂದೆವು. ಪ್ರತಿ ವರ್ಷ ನಮ್ಮ ಮದುವೆಯ ದಿನ ತೆಗೆಸಿಕೊಂಡ ಜೋಡಿ ಫೋಟೋ, ತಂಗಿಯ ಮಗಳ ಜೊತೆಗಿನದು, ಸ್ಟುಡಿಯೋದ ಗಾಜಿನ ಹಿಂದೆ ಇಟ್ಟಿರುವ ನನ್ನ ದೊಡ್ಡ ಫೋಟೋ. ಡಾಕ್ಟರು ಅವನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದರು. ನೋಡುತ್ತಾ ಹೋದ ಹಾಗೆ ಅವರ ಹುಬ್ಬು ಗಂಟಾಯಿತು. ಹೋದ ವರ್ಷ ಎರಡೂ ಕಣ್ಣು ಸಮ. ಅದರ ಹಿಂದಿನ ವರ್ಷವೂ ಸಮ. ಕಡೆಯ ಫೋಟೋ ತೆಗೆದು ಮೂರು ತಿಂಗಳಾಗಿರಲಿಲ್ಲ, ಅದರಲ್ಲೂ ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲ.

"ಇದು ತುಂಬಾ ಬೇಗ ಬಂದಿದೆ ಹಾಗಾದ್ರೆ" ಎಂದರು. ದನಿ ಬದಲಾಗಿತ್ತು. "ಇಷ್ಟು ಬೇಗ ಬೆಳೆಯೋದು ಒಳ್ಳೇದಲ್ಲ. ನಾಳೆನೇ ಅಡ್ಮಿಟ್ ಆಗಿಬಿಡಿ. ಬರೀ ಚೂರು ತೆಗೆಯೋದಲ್ಲ, ದೊಡ್ಡದಾಗಿ ತೆರೆದು ನೋಡಬೇಕಾಗಬಹುದು. ಕಣ್ಣಿಗೆ ಏನಾಗುತ್ತೆ ಅಂತ ಈಗಲೇ ನಾನು ಮಾತು ಕೊಡೋಕಾಗಲ್ಲ."

ನನ್ನ ಕೈ ತಂಗಿಯ ಕೈಯೊಳಗಿತ್ತು. ಅವಳು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನೋಯುವ ಗಿಣ್ಣು ಇನ್ನಷ್ಟು ನೋಯಿತು. ಇವರು ಮಾತ್ರ ಮೇಜಿನ ಮೇಲಿನ ಫೋಟೋಗಳನ್ನೇ ನೋಡುತ್ತಾ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಡಾಕ್ಟ್ರೇ" ಎಂದರು. "ಅದು ಅವಳ ಎಡಗಣ್ಣಲ್ಲ."

"ಅಂದ್ರೆ?"

"ಎರಡೂ ಬಲಗಣ್ಣೇ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಇವರು ತೊದಲುತ್ತಾ ಬಿಡಿಸಿ ಹೇಳಿದರು. ಫೋಟೋದಲ್ಲಿ ಒಂದು ಕಣ್ಣು ಮಂಕಾಗಿ, ಸಣ್ಣದಾಗಿ ಬಂದರೆ ಚೆನ್ನಾಗಿರುವ ಕಣ್ಣನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ತಿರುಗಿಸಿ ಆ ಕಡೆ ಕೂರಿಸುವುದು ಅವರ ಪದ್ಧತಿ. ತಿರುಗಿಸಿದಾಗ ಕಣ್ಣೊಳಗಿನ ದೀಪದ ಚುಕ್ಕೆಯೂ ತಿರುಗಿಬಿಡುತ್ತದೆ, ಅದನ್ನೂ ಅಳಿಸಿ ಸರಿಯಾದ ಕಡೆ ಇಡುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ.

"ಎಷ್ಟು ವರ್ಷದಿಂದ ಹಾಗೆ ಮಾಡ್ತಿದ್ದೀರಿ? ಇವರದ್ದು?"

"ಗೊತ್ತಿಲ್ಲ ಸಾರ್. ಮಾಡ್ತಿದ್ದೀನಿ ಅಂತಾನೇ ಗೊತ್ತಿರಲಿಲ್ಲ. ಕೈಗೆ ಅಭ್ಯಾಸ. ರೆಪ್ಪೆ ಸ್ವಲ್ಪ ಇಳಿದ ಹಾಗೆ ಕಂಡಿತ್ತೇನೋ, ಕೈ ಸರಿ ಮಾಡ್ಬಿಡ್ತು." ಅವರು ತಮ್ಮ ಬಲಗೈಯನ್ನು ಯಾರದೋ ಕೈ ನೋಡುವ ಹಾಗೆ ನೋಡಿಕೊಂಡರು. "ಕೈಗೆ ಗೊತ್ತಿತ್ತು. ನನಗೆ ಗೊತ್ತಾಗ್ಲಿಲ್ಲ."

ಡಾಕ್ಟರು ಬೈಯಲಿಲ್ಲ, ಅದು ಅವರ ದೊಡ್ಡತನ. ಭೂತಗನ್ನಡಿ ಕೆಳಗಿಟ್ಟು ಕೇಳಿದರು, "ನೀವು ಕೈ ಹಾಕದೇ ಇರೋ ಫೋಟೋ ಒಂದಾದ್ರೂ ಇದೆಯಾ?"

"ನಮ್ಮ ಸ್ಟುಡಿಯೋದಿಂದ ಅಂಥದ್ದು ಹೊರಗೇ ಹೋಗಲ್ಲ" ಎಂದು ಇವರು ಹೇಳಿದರು. ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದ ಮಾತು ಅದು.

"ಬೆಳಿಗ್ಗೆ ಲೈಟು ನೋಡೋಕೆ ಅಂತ ತೆಗೀತಾರೆ" ಎಂದೆ ನಾನು. "ಅದನ್ನ ಯಾರೂ ತಿದ್ದಲ್ಲ. ಆದ್ರೆ ಅವತ್ತಿಂದು ಅವತ್ತೇ ಅಳಿಸಿಬಿಡ್ತಾರೆ. ನಾನೇ ನಿಂತು ಅಳಿಸೋಕೆ ಹೇಳ್ತೀನಿ."

ಇವರು ತಲೆ ತಗ್ಗಿಸಿದರು. ಕದ್ದು ಬೆಲ್ಲ ತಿಂದ ಮಗು ನಿಂತ ಹಾಗೆ ನಿಂತಿದ್ದರು.

"ಅಳಿಸಿಲ್ಲ" ಎಂದರು.

"ಏನು?"

"ಒಂದೂ ಅಳಿಸಿಲ್ಲ ಕಣೇ. ಅಳಿಸೋಕೆ ಮನಸ್ಸು ಬರ್ಲಿಲ್ಲ."

ಆವತ್ತು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. 'ಲೈಟು' ಎಂಬ ಹೆಸರಿನ ಒಂದು ಫೋಲ್ಡರಿನಲ್ಲಿ ನಾನಿದ್ದೆ. ದಿನಕ್ಕೊಬ್ಬಳು ನಾನು, ವರ್ಷಗಟ್ಟಲೆ ನಾನು. ಕೂದಲು ಗೂಡಾಗಿತ್ತು, ಶಾಲು ಜಾರಿತ್ತು, ಪ್ರತಿಯೊಂದರಲ್ಲೂ ಬಾಯಿ ಅರ್ಧ ತೆರೆದಿತ್ತು. ಒಂದರಲ್ಲಿ ಟವೆಲ್ಲಿಗೆ ಬೈಯುತ್ತಿದ್ದೇನೆ, ಇನ್ನೊಂದರಲ್ಲಿ ಬಿಟ್ಟಿ ಫೋಟೋಗೆ. ಒಂದರಲ್ಲಿ ಬೈಯುತ್ತಾ ಬೈಯುತ್ತಾ ನಕ್ಕುಬಿಟ್ಟಿದ್ದೇನೆ. ನಾನು ಇಷ್ಟು ಕುರೂಪಿಯಾಗಿಯೂ ಇಷ್ಟು ಚೆನ್ನಾಗಿಯೂ ಯಾವ ಫೋಟೋದಲ್ಲೂ ಬಂದಿರಲಿಲ್ಲ.

ಇವರು ಒಂದೊಂದಾಗಿ ಹಿಂದಕ್ಕೆ ಸರಿಸಿದರು. ರೆಪ್ಪೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತಾ, ಊತ ಕರಗುತ್ತಾ ಹೋಯಿತು. ಹೆಚ್ಚು ಕಡಿಮೆ ಮೂರು ವರ್ಷ ಹಿಂದೆ ಹೋದ ಮೇಲೆ ಎರಡೂ ಕಣ್ಣು ಒಂದೇ ಸಮ ಬಂದವು. ಅಲ್ಲಿಂದ ಮತ್ತೆ ಮುಂದಕ್ಕೆ ಸರಿಸಿದರು. ದಿನವೂ ನೋಡಿದವರಿಗೆ ಕಾಣದಷ್ಟು ನಿಧಾನವಾಗಿ ರೆಪ್ಪೆ ಇಳಿಯುತ್ತಾ ಬಂತು. ಅವರ ಕೈ ನಿಂತಿತು. ಎದ್ದು ಹೋಗಿ ಸ್ಟುಡಿಯೋದ ಬಟ್ಟೆ ಪರದೆಯ ಹಿಂದೆ ನಿಂತರು. ತಂಗಿ ನನಗೆ ಕಣ್ಸನ್ನೆ ಮಾಡಿದಳು, ಹೋಗು ಎಂದು. ನಾನು ಹೋಗಲಿಲ್ಲ. ಅಳುವವರ ಪಕ್ಕ ಒಣಗಣ್ಣು ಇಟ್ಟುಕೊಂಡು ನಿಲ್ಲುವುದು ನನಗೆ ಯಾವತ್ತೂ ಬರುವುದಿಲ್ಲ.

ಆ ಫೋಟೋಗಳನ್ನು ನೋಡಿದ ಡಾಕ್ಟರು ಕುರ್ಚಿಗೆ ಒರಗಿ ಕೂತರು. ಮೂರು ವರ್ಷದಿಂದ ನಿಧಾನವಾಗಿ ಬಂದದ್ದು, ಹಾಗಾದರೆ ದೊಡ್ಡದಾಗಿ ಕೊಯ್ಯುವುದು ಬೇಡ ಎಂದರು. ರೆಪ್ಪೆಯ ಒಳಗಿನಿಂದ ಚಿಕ್ಕ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ನಾವು ಮೂವರೂ ಹೇಗೆ ದಿನ ನೂಕಿದೆವೋ ದೇವರಿಗೇ ಗೊತ್ತು.

ಅದು ಲಿಂಫೋಮಾ. ಕಾವಲಿನ ಕಣಗಳದೇ ಒಂದು ಕ್ಯಾನ್ಸರು.

"ನಿಮ್ಮ ಕಾಯಿಲೇಲಿ ಆ ಕಣಗಳು ಕಣ್ಣೀರಿನ ಗ್ರಂಥಿ ಸುತ್ತ ವರ್ಷಗಟ್ಟಲೆ ಜಮಾಯಿಸಿಕೊಂಡು ಕೂತಿರ್ತವೆ" ಎಂದು ಡಾಕ್ಟರು ಹೇಳಿದರು. "ಬಿಡುವಿಲ್ಲದೆ ಕೆಣಕ್ತಾ ಕೆಣಕ್ತಾ ಒಬ್ಬೊಬ್ಬರಲ್ಲಿ ಅವುಗಳಲ್ಲೊಂದು ದಾರಿ ತಪ್ಪಿ, ತನ್ನ ಪಾಡಿಗೆ ತಾನು ಬೆಳೆಯೋಕೆ ಶುರು ಮಾಡುತ್ತೆ. ಎಲ್ಲರಿಗೂ ಆಗಲ್ಲ. ಆದ್ರೆ ಈ ಕಾಯಿಲೆ ಇರೋರಲ್ಲಿ ಬೇರೆಯವರಿಗಿಂತ ಜಾಸ್ತಿ ನೋಡ್ತೀವಿ. ಅದಕ್ಕೇ ಹೊಸ ಊತ ಏನೇ ಬಂದ್ರೂ ಹಳೇ ಕಾಯಿಲೆ ಅಂತ ಸುಮ್ಮನಿರಬಾರದು."

"ಅಂದ್ರೆ ಬಾಡಿಗೆದಾರ ನಮ್ಮನ್ನ ಕೇಳದೆ ಮೇಲೊಂದು ಮಹಡಿ ಕಟ್ಟಿಸಿದ್ದಾನೆ" ಎಂದೆ.

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ತಂಗಿ ನಗಲು ಹೋಗಿ ಅತ್ತಳು. ನಿಧಾನದ ಜಾತಿಯದು, ಕಣ್ಣು ಬಿಟ್ಟು ಮೈಯಲ್ಲಿ ಬೇರೆಲ್ಲೂ ಕಂಡಿಲ್ಲ, ಕಣ್ಣಿಗೆ ಕೆಲವು ದಿನ ಸಣ್ಣ ಪ್ರಮಾಣದಲ್ಲಿ ರೇಡಿಯೇಷನ್ ಕೊಟ್ಟರೆ ಸಾಕು, ದೃಷ್ಟಿ ಉಳಿಯುತ್ತದೆ ಎಂದು ಡಾಕ್ಟರು ನನ್ನ ಮುಂದೆಯೇ ನಿಧಾನವಾಗಿ ಹೇಳಿದರು. ಕಣ್ಣು ಇನ್ನಷ್ಟು ಒಣಗಬಹುದು. ರೆಪ್ಪೆ ಪೂರ್ತಿ ಮೊದಲಿನ ಹಾಗೆ ಏಳದೇ ಇರಬಹುದು. ಮತ್ತೆ ಬಂದಿದೆಯೇ ಎಂದು ವರ್ಷಾನುಗಟ್ಟಲೆ ಬಂದು ತೋರಿಸುತ್ತಿರಬೇಕು.

ಬದುಕಿದೆ ಎಂದುಕೊಂಡು ಮನೆಗೆ ಬಂದೆ. ಮಾರನೇ ದಿನ ಬೆಳಿಗ್ಗೆ ಶಾಲು ಎಳೆದುಕೊಂಡು ಕೆಳಗಿಳಿದರೆ, ಸ್ಟೂಲಿನ ಮೇಲೆ ಆಗಲೇ ಯಾರೋ ಕೂತಿದ್ದರು. ಕರಿ ಕೋಟು ತೊಟ್ಟ ಒಂದು ದಿಂಬು.

"ಏನ್ರೀ ಇದು?"

"ನಿನಗೆ ಸುಸ್ತು. ಮಲಗಿರು ಅಂತ..."

"ದಿಂಬು ಬೈಯುತ್ತಾ?"

ಅವರು ದೀಪದ ಕುತ್ತಿಗೆ ತಿರುಗಿಸುತ್ತಾ ನನಗೆ ಬೆನ್ನು ಹಾಕಿದರು.

ಅಂದಿನಿಂದ ದಿನವೂ ದಿಂಬೇ. ನಾನು ಹೋದರೆ ಅವರಿಗೆ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾರೆ, ಮಾತಾಡಿಸಿದರೆ ಗೋಡೆ ನೋಡುತ್ತಾರೆ. ಹನಿ ಹಾಕುವಾಗಲೂ ನನ್ನ ಕಣ್ಣು ನೋಡದೆ ಬಾಟಲಿಯ ಮೂತಿಯನ್ನೇ ನೋಡುತ್ತಾರೆ. ಒಮ್ಮೆಯೂ ಗುರಿ ತಪ್ಪದ ಮನುಷ್ಯ ಕೆನ್ನೆಗೆ ಹಾಕಿದರು, ಮೂಗಿಗೆ ಹಾಕಿದರು. ಔಷಧಿ, ಆಸ್ಪತ್ರೆ, ಅಡುಗೆ, ಒಂದರಲ್ಲೂ ಕೊರತೆಯಿಲ್ಲ. ನೋಡುವುದೊಂದನ್ನು ಬಿಟ್ಟು ಎಲ್ಲ ಮಾಡಿದರು.

ಕ್ಯಾನ್ಸರು ಎಂದಾಗಲೂ ನಾನು ಇಷ್ಟು ಕುಸಿದಿರಲಿಲ್ಲ. ಒಂದು ದಿನ ತಡೆಯಲಾಗಲಿಲ್ಲ. ಹನಿ ಹಾಕಲು ಬಂದವರ ಕೈ ಹಿಡಿದುಕೊಂಡೆ.

"ನನ್ನ ಮುಖ ನೋಡೋಕೆ ಅಷ್ಟು ಅಸಹ್ಯ ಆಗುತ್ತಾ ನಿಮಗೆ?"

"ಅಯ್ಯೋ, ಇಲ್ಲ ಕಣೇ!"

"ಮತ್ತೆ?"

ಅವರು ಬಾಟಲಿಯ ಮುಚ್ಚಳ ತಿರುಗಿಸಿದರು, ಬಿಚ್ಚಿದರು, ಮತ್ತೆ ತಿರುಗಿಸಿದರು. "ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿದೆ. ಮೂರು ವರ್ಷ ದಿನಾ ಬೆಳಿಗ್ಗೆ ನಿನ್ನನ್ನ ನೋಡಿದ್ದೀನಿ. ಇಷ್ಟು ದೊಡ್ಡದು ಕಾಣ್ಲಿಲ್ಲ. ನಿನ್ನ ತಂಗಿ ಬಾಗಿಲಲ್ಲಿ ನಿಂತೇ ಕಂಡುಹಿಡಿದ್ಲು. ನಿನ್ನನ್ನ ನೋಡಿದ್ರೆ ನನಗೆ ಇದ್ದದ್ದು ಕಾಣೋದೇ ಇಲ್ಲ, ನೀನು ಚೆನ್ನಾಗಿರೋದು ಮಾತ್ರ ಕಾಣುತ್ತೆ. ಇನ್ನೇನನ್ನ ಮುಚ್ಚಿ ಹಾಕ್ತೀನೋ ಅಂತ ಹೆದರಿಕೆ ಆಗುತ್ತೆ."

ಒಬ್ಬ ಗಂಡಸು ತನ್ನ ಹೆಂಡತಿಗೆ ಹೇಳಬಹುದಾದ ಅತ್ಯಂತ ಒಳ್ಳೆಯ ಮಾತನ್ನು ತಪ್ಪೊಪ್ಪಿಗೆಯ ಹಾಗೆ ಹೇಳುತ್ತಿದ್ದರು. "ನೀವು ನೋಡ್ದಿದ್ರೆ ಈ ಕಣ್ಣು ಉಳಿದ್ರೂ ನನಗೆ ಅಷ್ಟೇ, ಹೋದ್ರೂ ಅಷ್ಟೇ" ಎಂದೆ. ಅವರು ಹನಿ ಹಾಕಿದರು. ಅದು ಹುಬ್ಬಿನ ಮೇಲೆ ಬಿತ್ತು.

ರೇಡಿಯೇಷನ್ ಶುರುವಾಗುವ ದಿನ ಮೂವರೂ ಹೋದೆವು. ಬಿಳಿ ಗೋಡೆ, ಪ್ಲಾಸ್ಟಿಕ್ ಕುರ್ಚಿಗಳು, ಔಷಧಿಯ ವಾಸನೆ. ಮೆಷಿನ್ ನಡೆಸುವ ಹುಡುಗಿ ಲವಲವಿಕೆಯವಳು. ಹೆಸರು, ವಯಸ್ಸು ಬರೆದುಕೊಂಡು, "ಒಂದು ಫೋಟೋ ತಗೋಬೇಕು ಆಂಟಿ, ಫೈಲಿಗೆ. ದಿನಾ ಮೆಷಿನ್ ಮೇಲೆ ಮಲಗಿಸೋ ಮುಂಚೆ ಅದೇ ಪೇಷಂಟಾ ಅಂತ ಮುಖ ನೋಡ್ತೀವಿ" ಎಂದಳು. ನನ್ನನ್ನು ಗೋಡೆಗೆ ಒರಗಿಸಿ, ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ಮೊಬೈಲ್ ಎತ್ತಿದಳು.

ಇವರು ಕುರ್ಚಿಯಲ್ಲಿ ನೆಲ ನೋಡುತ್ತಾ ಕೂತಿದ್ದರು. ಒಮ್ಮೆ ತಲೆ ಎತ್ತಿದರು. ಮತ್ತೆ ತಗ್ಗಿಸಿದರು. ಮತ್ತೆ ಎತ್ತಿದರು. ನನಗೆ ಒಳಗೊಳಗೇ ನಗು ಬಂತು. ಅವರಿಗೆ ಹಸಿವಾದರೆ ತಡೆಯುತ್ತಾರೆ, ಜ್ವರ ಬಂದರೆ ತಡೆಯುತ್ತಾರೆ, ಕೆಟ್ಟ ಬೆಳಕನ್ನು ಮಾತ್ರ ಅವರ ಕೈಲಿ ತಡೆಯಲಾಗುವುದಿಲ್ಲ.

"ಅಲ್ಲಿ ನಿಲ್ಲಿಸಿದ್ರೆ ಹೇಗಮ್ಮಾ?" ಎಂದರು ಕಡೆಗೂ. "ದೀಪ ನೆತ್ತಿ ಮೇಲಿದೆ. ಕಣ್ಣೆಲ್ಲ ಗುಂಡಿ ಆಗುತ್ತೆ."

"ಪರವಾಗಿಲ್ಲ ಅಂಕಲ್, ಗುರುತು ಸಿಕ್ಕಿದ್ರೆ ಸಾಕು."

"ಅದೇ, ಗುರುತು ಸಿಗಲ್ಲ."

"ಭಾವನೇ ತೆಗೀಲಿ ಬಿಡಿ" ಎಂದಳು ತಂಗಿ. "ಅವರ ಕೆಲಸಾನೇ ಅದು."

ಹುಡುಗಿ ನಗುತ್ತಾ ಮೊಬೈಲ್ ಕೊಟ್ಟಳು. ಅವರು ತೆಗೆದುಕೊಂಡರು, ಆದರೆ ತಕ್ಷಣ ಮೇಲೆತ್ತಲಿಲ್ಲ. ಆಮೇಲೆ ನನ್ನ ಭುಜ ಹಿಡಿದು ಕಿಟಕಿಯ ಹತ್ತಿರ ಕರೆದೊಯ್ದು, ಒಂದು ಕುರ್ಚಿ ಎಳೆದು ಕೂರಿಸಿದರು. ಪರದೆಯನ್ನು ಅರ್ಧ ಸರಿಸಿದರು. ಎರಡು ಹೆಜ್ಜೆ ಹಿಂದೆ ಹೋದರು. ಇನ್ನು ನೋಡದೆ ಬೇರೆ ದಾರಿಯಿರಲಿಲ್ಲ.

ನೋಡಿದರು. ಬಲಗಣ್ಣು ನೋಡಿದರು, ಎಡಗಣ್ಣು ನೋಡಿದರು. ಎಡಗಣ್ಣಿನ ಮೇಲೆ ಅವರ ನೋಟ ನಿಂತಿತು, ತಪ್ಪಿಸಿಕೊಂಡು ಹೋಗಲಿಲ್ಲ. ಊದಿದ ರೆಪ್ಪೆಯನ್ನು, ಮುಂದೆ ಬಂದ ಗುಡ್ಡೆಯನ್ನು ಎಲ್ಲವನ್ನೂ ನೋಡಿದರು. ಎಷ್ಟು ಹೊತ್ತೋ. ಹುಡುಗಿ ಗಡಿಯಾರ ನೋಡಿಕೊಂಡಳು.

"ಗದ್ದ ಸ್ವಲ್ಪ ಕೆಳಗೆ" ಎಂದರು. ಆಮೇಲೆ ದನಿ ತಗ್ಗಿಸಿ, "ಏನಾದ್ರೂ ಬೈಯೇ."

ಬೈದೆ. ಅಷ್ಟು ದಿನದ್ದು ಬಾಕಿಯಿತ್ತಲ್ಲ. ಕಣ್ಣು ತಿರುಗಿಸಿ ಅಂಟಿಸಿದ್ದಕ್ಕೆ ಬೈದೆ, ಅಳಿಸುತ್ತೇನೆ ಎಂದು ವರ್ಷಗಟ್ಟಲೆ ಸುಳ್ಳು ಹೇಳಿದ್ದಕ್ಕೆ ಬೈದೆ, ನನ್ನ ಜಾಗದಲ್ಲಿ ದಿಂಬು ಕೂರಿಸಿ ಅದಕ್ಕೆ ಕೋಟು ಬೇರೆ ತೊಡಿಸಿದ್ದಕ್ಕೆ ಬೈದೆ. "ಆ ದಿಂಬಿನ ಜೊತೇನೇ ಸಂಸಾರ ಮಾಡಿ ಹೋಗಿ" ಎಂದೆ. ಪಕ್ಕದ ಕುರ್ಚಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕ್ಲಿಕ್ ಎಂದಿತು.

ಹುಡುಗಿ ಮೊಬೈಲ್ ವಾಪಸ್ಸು ತೆಗೆದುಕೊಂಡು ನೋಡಿ, "ತುಂಬಾ ಚೆನ್ನಾಗಿದೆ ಅಂಕಲ್" ಎಂದಳು. ಆಮೇಲೆ ತಲೆ ಓರೆ ಮಾಡಿ, "ಒಂದು ಕಣ್ಣು ಸ್ವಲ್ಪ ಇಳಿದ ಹಾಗೆ ಬಂದಿದೆ. ಬೇಕಿದ್ರೆ ಸರಿ ಮಾಡ್ಕೊಡ್ಲಾ? ಇದರಲ್ಲೇ ಆಗುತ್ತೆ, ಒಂದು ಬಟನ್ನು ಅಷ್ಟೇ" ಎಂದಳು.

"ಬೇಡ" ಎಂದರು ಇವರು. "ಅವಳ ಕಣ್ಣು ಇರೋದೇ ಹಾಗೆ."

ನನ್ನ ಸರದಿ ಬರಲು ಇನ್ನೂ ಹೊತ್ತಿತ್ತು. ಅವರು ಜೇಬಿನಿಂದ ಬಾಟಲಿ ತೆಗೆದು ನನ್ನ ಮುಂದೆ ಬಂದು ನಿಂತರು. ಗದ್ದ ಹಿಡಿದು ಮುಖ ಎತ್ತಿದರು. ಈ ಸಲ ಬಾಟಲಿಯ ಮೂತಿಯ ಕಡೆ ನೋಡಲಿಲ್ಲ, ನನ್ನ ಕಣ್ಣೊಳಗೇ ನೋಡುತ್ತಾ ಬಾಗಿದರು. ಒಂದು ಕಣ್ಣಿಗೆ ಒಂದೇ ಹನಿ ಬೀಳಬೇಕು. ಎಡಗಣ್ಣಿಗೆ ಎರಡು ಬಿದ್ದವು. ಒಂದು ತಣ್ಣಗಿತ್ತು, ಇನ್ನೊಂದು ಬಿಸಿಯಾಗಿತ್ತು, ಉರಿಯಿತು.

"ಉಪ್ಪು ಜಾಸ್ತಿ ಆಯ್ತು" ಎಂದೆ.

"ಸುಮ್ನೆ ಕೂರು, ಅಲ್ಲಾಡ್ಬೇಡ" ಎಂದರು, ಮೂಗು ಏರಿಸಿಕೊಳ್ಳುತ್ತಾ. ಎರಡೂ ಒಟ್ಟಿಗೆ ನನ್ನ ಕೆನ್ನೆಯ ಮೇಲೆ ಇಳಿದವು. ನಾನು ಒರೆಸಿಕೊಳ್ಳಲಿಲ್ಲ.